ಎರಡು ಲಾರಿಗೆ ಆರು ಟೈರು

ನಾನು ಒಂದು ಲಾರಿ. ಹುಟ್ಟಿದಾಗ ನನಗೆ ಮೈಯೇ ಇರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಕಾರ್ಖಾನೆಯಿಂದ ಹೊರಬಿದ್ದಾಗ ಬರೀ ಚಾಸಿ: ಎಂಜಿನ್ನು, ಚಕ್ರ, ಸ್ಟೀರಿಂಗು, ಅಷ್ಟೇ. ಡ್ರೈವರ್ ಒಂದು ಹಲಗೆಯ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಮೂರು ದಿನ ಧೂಳು ಕುಡಿಯುತ್ತ ನನ್ನನ್ನು ರಾಣೆಬೆನ್ನೂರಿಗೆ ತಂದ. ಹಿಂದೆಯೇ ನನ್ನಂಥದೇ ಇನ್ನೊಂದು ಚಾಸಿ ಬರುತ್ತಿತ್ತು. ಒಂದೇ ಶೆಡ್ಡಿನಲ್ಲಿ ಬಡಿಗರು ನಮ್ಮಿಬ್ಬರಿಗೂ ಮರದ ಮೈ ಕಟ್ಟಿದರು. ನನಗೆ ಹಸಿರು ಬಣ್ಣ ಬಳಿದರು, ಅದಕ್ಕೆ ನೀಲಿ.

ನನ್ನ ಮೊದಲ ಯಜಮಾನ ಒಬ್ಬ ಹತ್ತಿ ವ್ಯಾಪಾರಿ. ಅವನಿಗೆ ಲಾರಿ ಅಂದರೆ ಬಾಗಿಲಿನಲ್ಲಿ ನಿಂತು ಹಲ್ಲುಜ್ಜುತ್ತ ನೋಡುವ ವಸ್ತು. ಓಡಿಸುತ್ತಿದ್ದವನು ಡ್ರೈವರ್ ಫಕ್ಕೀರಪ್ಪ. ಮೂರು ಲಕ್ಷ ಕಿಲೋಮೀಟರಿಗೆ ನನ್ನ ಎಂಜಿನ್ ಬಿಚ್ಚಬೇಕಾಯಿತು, ವ್ಯಾಪಾರಿಗೆ ನನ್ನ ಮೇಲೆ ಬೇಸರ ಬಂತು. ಮುದಿ ಎತ್ತನ್ನು ಹೊಡೆದುಕೊಂಡು ಹೋಗು ಅಂತ ಫಕ್ಕೀರಪ್ಪನಿಗೇ ಕೊಟ್ಟುಬಿಟ್ಟ. ಮುದಿಯಂತೆ! ಆಮೇಲೆ ನಾನು ಓಡಿದ್ದೇ ಹೆಚ್ಚು.

ನೀಲಿ ಲಾರಿಯೂ ಹೀಗೇ ಕೈ ಬದಲಿಸಿ ಬ್ಯಾಡಗಿ ಕಡೆಯ ಬಾಬಾಜಾನನ ಪಾಲಾಯಿತು. ಫಕ್ಕೀರಪ್ಪ, ಬಾಬಾಜಾನ್ ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಗೇರು ಹಾಕಲು ಕಲಿತವರು. ಬೈದಾಡದೆ ಒಂದು ಕಪ್ ಚಹಾ ಕುಡಿದವರಲ್ಲ. ಹೋಗುವಾಗ ಬ್ಯಾಡಗಿ ಮೆಣಸಿನಕಾಯಿ, ಅಂಕೋಲಾದ ಕಡೆಯಿಂದ ಬರುವಾಗ ಉಪ್ಪು. ಮೆಣಸಿನಕಾಯಿಯ ಘಾಟಿಗೆ ಚೆಕ್‌ಪೋಸ್ಟಿನವರು ಸೀನುತ್ತ ಬೇಗ ಕೈ ಬೀಸಿ ಕಳಿಸುತ್ತಿದ್ದರು. ಉಪ್ಪು ಮಾತ್ರ ನನ್ನ ತಳವನ್ನು ಒಳಗೊಳಗೇ ತಿಂದಿತು.

ನಮ್ಮ ಮೀಟರಿಗೆ ಐದೇ ಅಂಕಿ. ಲಕ್ಷ ತುಂಬಿದರೆ ಮತ್ತೆ ಸೊನ್ನೆಗೆ ಬರುತ್ತದೆ. ಪ್ರತಿ ಸಲ ಸೊನ್ನೆ ಬಿದ್ದಾಗ ಫಕ್ಕೀರಪ್ಪ ತೆಂಗಿನಕಾಯಿ ಒಡೆದು ಸ್ಟೀರಿಂಗಿನ ಮೇಲಿನ ಹಲಗೆಗೆ ಒಂದು ಹಿತ್ತಾಳೆ ಮೊಳೆ ಹೊಡೆಯುತ್ತಿದ್ದ. ಬಾಬಾಜಾನನೂ ಅದನ್ನೇ ಕಲಿತ. ಇಬ್ಬರ ಹಲಗೆಯಲ್ಲೂ ಒಂಬತ್ತು ಮೊಳೆಗಳಾದವು. ಹತ್ತನೆಯದು ಯಾರು ಮೊದಲು ಹೊಡೆಯುತ್ತಾರೆ ಅಂತ ಲಾರಿ ಸ್ಟ್ಯಾಂಡಿನಲ್ಲಿ ದಿನಾ ತಮಾಷೆ. ಸೋತವನು ಇಡೀ ಸ್ಟ್ಯಾಂಡಿಗೆ ಊಟ ಹಾಕಿಸಬೇಕು. ಫಕ್ಕೀರಪ್ಪ ಹತ್ತನೆಯ ಮೊಳೆಯನ್ನು ಆಗಲೇ ತಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಈಗ ಟೈರಿನ ವಿಷಯ. ನಮ್ಮ ವಯಸ್ಸಿನ ಗಾಡಿಗೆ ವರ್ಷ ವರ್ಷ ಎಫ್‌ಸಿ ಆಗಬೇಕು. ಗಾಡಿ ಓಡಲು ಯೋಗ್ಯ ಅಂತ ಸರ್ಟಿಫಿಕೇಟು. ಬೋಳು ಟೈರಿದ್ದರೆ ಕೊಡುವುದಿಲ್ಲ. ಅದಕ್ಕೇ ಇಬ್ಬರೂ ಸೇರಿ ಆರು ಹೊಸ ಟೈರು ತಂದಿದ್ದರು, ಎರಡು ಗಾಡಿಗೂ ಸೇರಿ. ಎಫ್‌ಸಿಗೆ ಹೋಗುವ ಗಾಡಿ ಅವನ್ನು ಹಾಕಿಕೊಳ್ಳುವುದು, ಮುಗಿದ ಮೇಲೆ ಬಿಚ್ಚಿ ಇನ್ನೊಂದಕ್ಕೆ ಕೊಡುವುದು. ಮದುವೆಗೆ ಅಕ್ಕಪಕ್ಕದ ಮನೆಯ ಸರ ತೊಟ್ಟಂತೆ. ಉಳಿದ ದಿನ ನಮಗೆ ಬೋಳು ಟೈರೇ ಗತಿ. ಆರು ವರ್ಷ ಹೀಗೇ ನಡೆಯಿತು, ಒಂದು ದಿನವೂ ತಕರಾರಿಲ್ಲ.

ಆ ವರ್ಷದ ಆಷಾಢದಲ್ಲಿ ಮಂಗಳವಾರ ನನ್ನ ಎಫ್‌ಸಿ ಆಯಿತು. ನೀಲಿ ಗಾಡಿಯದು ಮುಂದಿನ ಸೋಮವಾರ. ಟೈರು ಬಿಚ್ಚುವ ಮೊದಲು ಒಂದು ಟ್ರಿಪ್ ಹೊಡೆದು ಬರುತ್ತೇನೆ ಅಂತ ಫಕ್ಕೀರಪ್ಪ ನನ್ನನ್ನು ಘಟ್ಟ ಇಳಿಸಿದ. ಎಷ್ಟು ಸುಖ! ಆ ಮಳೆಯಲ್ಲೂ ನೆಲ ನನ್ನ ಕೈಯಲ್ಲಿತ್ತು. ಶುಕ್ರವಾರ ವಾಪಸ್ಸು ಬಂದು ಉಪ್ಪು ಇಳಿಸಿದೆವು. ಇನ್ನೊಂದೇ ಟ್ರಿಪ್, ಹತ್ತನೆಯ ಮೊಳೆ ನಮ್ಮದು. ಆದರೆ ಟೈರು ಬಿಚ್ಚಿ ಕೊಟ್ಟರೆ ಆ ಮಳೆಯಲ್ಲಿ ಬೋಳು ಚಕ್ರದಲ್ಲೇ ಘಟ್ಟ ಇಳಿಯಬೇಕು.

ಶನಿವಾರ ಬೆಳಿಗ್ಗೆ ನಾನು ಮೋಟೆಬೆನ್ನೂರಿನ ಕೋಲ್ಡ್ ಸ್ಟೋರೇಜಿನ ಹಿಂದೆ ನಿಂತಿದ್ದೆ. ಬಾಬಾಜಾನನ ಮನೆ ಅಲ್ಲಿಂದ ಕೂಗಳತೆ ಅಲ್ಲದಿದ್ದರೂ ಒಂದು ಬೀಡಿ ಸೇದುವಷ್ಟರಲ್ಲಿ ಮುಟ್ಟುವ ದಾರಿ. ಕ್ಯಾಬಿನ್ನಿನಲ್ಲಿ ಫೋನ್ ಬಡಿದುಕೊಂಡಿತು.

“ಎಲ್ಲಿ ಅದಿಯೋ?” ಅಂದ ಬಾಬಾಜಾನ್.

ಫಕ್ಕೀರಪ್ಪ ಒಂದು ಗಳಿಗೆ ನನ್ನ ಮೀಟರ್ ನೋಡಿದ. “ಅಂಕೋಲಾದಾಗ ಅದೀನಿ. ಮಳಿ ಹತ್ತೇತಿ, ಉಪ್ಪು ಇನ್ನೂ ತುಂಬಿಲ್ಲ. ಮಂಗಳವಾರ ಬರ್ತೀನಿ.”

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಒಂದು ಊಟದ ಪಂದ್ಯ, ಒಂದು ಹಿತ್ತಾಳೆ ಮೊಳೆ, ಅಷ್ಟಕ್ಕೆ.

ಬಾಬಾಜಾನ್ ನಕ್ಕ. “ಹಂಗಾದ್ರ ಎಫ್‌ಸಿ ಗುರುವಾರಕ್ಕ ಹಾಕಸ್ತೀನಿ. ಸುಮ್ನ ಕುಂತ ಏನ್ ಮಾಡ್ಲಿ, ನಾನೂ ಒಂದ್ ಟ್ರಿಪ್ ಇಳಿಸಿ ಬರ್ತೀನಿ. ಘಟ್ಟದಾಗ ಎದುರಾದ್ರ ಹಾರ್ನ್ ಹೊಡಿ.”

ಬ್ಯಾಡ, ಬೋಳು ಟೈರಿನಾಗ ಇಳಿಬ್ಯಾಡ ಅನ್ನಲು ಫಕ್ಕೀರಪ್ಪನ ಬಾಯಿಗೆ ಬಂದಿತ್ತು. ನಾನು ಕಂಡಿದ್ದೇನೆ, ತುಟಿ ಅಲ್ಲಾಡಿತು. ಆದರೆ ಹಾಗಂದರೆ ಟೈರು ಎಲ್ಲಿ ಅನ್ನುವ ಮಾತು ಬರುತ್ತದೆ. ಹುಷಾರು ಅಂತಷ್ಟೇ ಹೇಳಿ ಫೋನಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾನುವಾರ ಮೆಣಸಿನಕಾಯಿ ತುಂಬಿಕೊಂಡು ನಾವೂ ಹೊರಟೆವು. ಯಲ್ಲಾಪುರ ದಾಟುವಾಗ ಮಳೆ ಕೊಡದಲ್ಲಿ ಸುರಿದಂತೆ ಬೀಳುತ್ತಿತ್ತು. ಅರಬೈಲ್ ಘಟ್ಟದ ಐದನೆಯ ತಿರುವಿನಲ್ಲಿ ಜನ ನಿಂತಿದ್ದರು. ರಸ್ತೆಯಂಚಿನ ಕಲ್ಲು ಕಿತ್ತು ಬಂದಿತ್ತು. ಕೆಳಗೆ ಮರಗಳ ನಡುವೆ ನನ್ನ ಜೊತೆಯವಳು, ಆ ನೀಲಿ ಲಾರಿ, ಮಗುಚಿ ಬಿದ್ದಿದ್ದಳು, ಆರೂ ಚಕ್ರ ಮೇಲೆ ಮಾಡಿಕೊಂಡು. ಮಳೆಯ ನೀರು ಕೆಂಪಾಗಿ ಹರಿಯುತ್ತಿತ್ತು, ಅದು ಮೆಣಸಿನಕಾಯಿಯ ಬಣ್ಣ. ಬಾಬಾಜಾನನನ್ನು ಆಗಲೇ ಮೇಲೆ ತಂದು ಟಾರ್ಪಾಲು ಹೊದಿಸಿದ್ದರು. ಟೈರಿನಾಗ ಒಂದ್ ಗೆರೀನೂ ಇಲ್ಲ ನೋಡ್ರಿ ಅಂತ ಯಾರೋ ಅಂದರು. ಅದೇ ತಿರುವಿನಲ್ಲಿ ನಾನು ಒಂದಿಂಚೂ ಜಾರದೆ ನಿಂತಿದ್ದೆ.

ಪ್ರತಿ ತಿರುವಿನಲ್ಲೂ ಬಾಬಾಜಾನ್ ಎದುರಿನಿಂದ ನಾನು ಬರುತ್ತೇನೆ ಅಂತ ನೋಡಿರಬೇಕು. ನಾನು ಬಂದದ್ದು ಹಿಂದಿನಿಂದ. ನನ್ನ ಮೂತಿ ಕೆಳಮುಖವಾಗಿತ್ತು, ಬೆನ್ನ ಮೇಲೆ ಬ್ಯಾಡಗಿಯ ಲೋಡಿತ್ತು. ಇಷ್ಟು ಸಾಕ್ಷಿ ಕಣ್ಣೆದುರಿಗೇ ಇದ್ದರೂ ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ.

ನನ್ನ ಲೋಡನ್ನು ಬೇರೆ ಗಾಡಿಗೆ ಹಾಕಿದರು. ಫಕ್ಕೀರಪ್ಪ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಮೀಟರಿನ ಕೇಬಲ್ ಕಿತ್ತೆಸೆದು, ಗೆಳೆಯನ ಹೆಣ ಹೊತ್ತ ಆಂಬುಲೆನ್ಸಿನ ಹಿಂದೆ ನನ್ನನ್ನು ಮೋಟೆಬೆನ್ನೂರಿಗೆ ತಂದು, ಹಳೆಯ ಗ್ಯಾರೇಜಿನ ಗೋಡೆಗೆ ಒತ್ತಿ ನಿಲ್ಲಿಸಿದ. ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ದಿನಾ ಬಂದು ನನ್ನ ಮೆಟ್ಟಿಲ ಮೇಲೆ ಕೂರುತ್ತಾನೆ, ಏನೂ ಮಾಡುವುದಿಲ್ಲ. ಗುಜರಿಯವರು ಬಂದು ಹಾರ್ನು, ಬ್ಯಾಟರಿ ಒಯ್ದರು. ಟೈರು ಕೇಳಿದವರನ್ನು ಮಾತ್ರ ಬೈದು ಓಡಿಸಿದ.

ನಾಲ್ಕು ತಿಂಗಳ ಮೇಲೆ ಬಾಬಾಜಾನನ ಹೆಂಡತಿ ಮಾಬೂಬಿ ಬಂದಳು. ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು, ಬೆರಳೆಲ್ಲ ಕೆಂಪಗೆ ಬಾತುಕೊಂಡಿದ್ದವು. ಸೆರಗಿನ ಗಂಟು ಬಿಚ್ಚಿ ಒಂದು ಹಿತ್ತಾಳೆ ಮೊಳೆ ತೆಗೆದಳು. ಗಂಡನ ಜೇಬಿನಲ್ಲಿ ಸಿಕ್ಕಿತ್ತಂತೆ, ಫಕ್ಕೀರಣ್ಣನಿಗೇ ಸೇರಬೇಕು ಅನಿಸಿತಂತೆ.

ಅವನು ಕೈ ಚಾಚಲಿಲ್ಲ. ಬಾಯಿ ತೆರೆದ. ಹೇಳು ಮಾರಾಯ, ಈಗಲಾದರೂ ಹೇಳಿಬಿಡು ಅಂತ ನಾನು ತುಕ್ಕು ಹಿಡಿದ ಮೈಯಲ್ಲೇ ಚಡಪಡಿಸಿದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

“ನೀ ಮನಸಿಗೆ ಹಚ್ಕೋಬ್ಯಾಡ ಅಣ್ಣಾ. ನೀ ಊರಾಗ ಇದ್ದಿದ್ರ ಟೈರ್ ಕೊಡ್ತಿದ್ದಿ. ಅಷ್ಟ್ ದೂರ ಇದ್ದಿ, ನೀ ಏನ್ ಮಾಡ್ತಿ?”

ಅವನ ಬಾಯಿ ಮುಚ್ಚಿಕೊಂಡಿತು. ಇನ್ನು ಅದು ತೆರೆಯುವುದಿಲ್ಲ, ನನಗೆ ಗೊತ್ತು. ಕೂಗಿ ಹೇಳಲು ನನಗಿದ್ದ ಒಂದು ಹಾರ್ನೂ ಆಗಲೇ ಹೋಗಿತ್ತು.

ಮಾಬೂಬಿ ಮೊಳೆಯನ್ನು ನನ್ನ ಮೆಟ್ಟಿಲ ಮೇಲಿಟ್ಟಳು. ಹೋಗುವಾಗ ಬಗ್ಗಿ ನನ್ನ ಮುಂದಿನ ಚಕ್ರದ ಮೇಲೆ ಕೈಯಾಡಿಸಿದಳು, ಗೆರೆಯೊಳಗೆ ಬೆರಳಿಟ್ಟು.

“ಟೈರ್ ಇನ್ನೂ ಹೊಸಾವು ಇದ್ದಂಗ ಅದಾವಲ್ಲ ಅಣ್ಣಾ,” ಅಂದಳು.

ನನ್ನ ಮೀಟರಿನಲ್ಲಿ ಈಗಲೂ 99,962 ನಿಂತಿದೆ. ಸೊನ್ನೆಗೆ ಮೂವತ್ತೆಂಟು ಕಿಲೋಮೀಟರ್ ಬಾಕಿ. ಅದು ತುಂಬುವುದಿಲ್ಲ. ಟೈರುಗಳೂ ಇನ್ನು ಸವೆಯುವುದಿಲ್ಲ.