ತಮ್ಮನ ಕೈಗೆ ಕತ್ತರಿ

ಮಂಚದ ತಲೆಯ ಕಡೆ ಸ್ಟೂಲು ಎಳೆದುಕೊಂಡು ಕೂತಿದ್ದ ಥೆರಪಿಸ್ಟಮ್ಮ, ತಮ್ಮನ ತಲೆಬುರುಡೆಯ ಬುಡಕ್ಕೆ ಎರಡೂ ಅಂಗೈ ಕೊಟ್ಟು ಕಣ್ಣು ಮುಚ್ಚಿದ್ದರು. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಾರೆ. ಕಟಿಂಗ್ ಅಂಗಡಿ ಇಟ್ಟು, ಕಂಡವರ ತಲೆ ತಿಕ್ಕಿಯೇ ಅನ್ನ ತಿಂದ ಅಣ್ಣನಿಗೆ ಮೈಯೆಲ್ಲ ಉರಿಯಿತು.

"ಇಷ್ಟೇನಾ ಮೇಡಂ? ನಾವು ಶಾಂಪೂ ಹಾಕೋದೇ ಇದಕ್ಕಿಂತ ಜೋರಾಗಿ."

"ಜೋರು ಮಾಡಿದ್ರೆ ಆಮೇಲೆ ಅಳೋರು ನೀವೇ," ಅಂದರು ಅವರು, ಕಣ್ಣು ತೆರೆಯದೆ. "ಮನೇಲಿ ಇವರ ಕುತ್ತಿಗೆ ಲಟಕ್ ಅನ್ನಿಸೋ ಕೆಲಸ ಮಾತ್ರ ಮಾಡ್ಬೇಡಿ."

ಕಟಿಂಗ್ ಮುಗಿದ ಮೇಲೆ ಗಿರಾಕಿಯ ಕುತ್ತಿಗೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಲಟಕ್ ಅನ್ನಿಸುವುದರಲ್ಲಿ ಅಣ್ಣನದು ಎತ್ತಿದ ಕೈ; ಅದಕ್ಕೆಂದೇ ಬರುವವರಿದ್ದರು. ಸ್ಕೂಟರಿನಿಂದ ಬಿದ್ದು ತಮ್ಮನ ತಲೆಗೆ ಪೆಟ್ಟಾದ ಮೇಲೆ ಅವನು ಯಾರ ಕುತ್ತಿಗೆಗೂ ಕೈ ಹಾಕಿರಲಿಲ್ಲ. ಗಿರಾಕಿಗಳು ಗೊಣಗಿದರೆ "ಕೈನೋವು ಸಾರ್" ಎಂದು ಸುಳ್ಳು ಹೇಳುತ್ತಿದ್ದ.

ಉಳಿದದ್ದೇ ದೊಡ್ಡದು ಅಂದಿದ್ದರು ಆಸ್ಪತ್ರೆಯಲ್ಲಿ. ಮಾತು ಬಂತು, ನಡಿಗೆ ಬಂತು. ವಾಪಸ್ಸು ಬಾರದ್ದು ಎಡಗಡೆ. ಕಣ್ಣಿಗೇನೂ ಆಗಿಲ್ಲ, ಎಡಗಡೆ ಅಂತ ಒಂದಿದೆ ಎನ್ನುವುದನ್ನೇ ಮಿದುಳು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ ಎಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದ್ದರು. ತಮ್ಮ ತಟ್ಟೆಯ ಬಲ ಅರ್ಧ ತಿಂದು ಕೈ ತೊಳೆಯುತ್ತಿದ್ದ. ಅಮ್ಮ ಎಡಕ್ಕೇ ಕೂತಿದ್ದರೂ "ಅಮ್ಮ ಎಲ್ಲಿ?" ಅನ್ನುತ್ತಿದ್ದ. ಅಣ್ಣನ ತಲೆಗೆ ಮಾತ್ರ ಡಾಕ್ಟರ ಮಾತು ಹತ್ತಲಿಲ್ಲ. ಕುತ್ತಿಗೆ ಕಲ್ಲಾಗಿದೆ, ಅದಕ್ಕೇ ಇವನು ಆ ಕಡೆ ತಿರುಗುತ್ತಿಲ್ಲ. ಸಡಿಲ ಆದರೆ ತಾನಾಗಿ ತಿರುಗುತ್ತಾನೆ. ಕುತ್ತಿಗೆಯ ವಿಷಯ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿಯ ಎರಡನೇ ಕುರ್ಚಿಗೆ ಬೇರೆ ಕೆಲಸದವನನ್ನು ಇಟ್ಟುಕೋ ಎಂದು ಹೇಳಿ ಹೇಳಿ ಎಲ್ಲರಿಗೂ ಸಾಕಾಗಿತ್ತು. ಅವನು ಜಗ್ಗಲಿಲ್ಲ. ಆ ಕುರ್ಚಿ ತಮ್ಮನದು.

ಥೆರಪಿಸ್ಟಮ್ಮ ಮೊದಲ ದಿನವೇ ಏನನ್ನೂ ಮುಚ್ಚಿಟ್ಟಿರಲಿಲ್ಲ. "ಡಾಕ್ಟರು ಕೊಟ್ಟ ಮಾತ್ರೆ, ವ್ಯಾಯಾಮ ಎಲ್ಲ ಹಾಗೇ ನಡೀಲಿ. ನನ್ನ ಕೈಯಿಂದ ಬಿಗಿ ಬಿಡಬಹುದು, ತಲೆನೋವು ಇಳೀಬಹುದು. ಪೆಟ್ಟು ಬಿದ್ದ ಜಾಗಕ್ಕೆ ನನ್ನ ಕೈ ಹೋಗಲ್ಲ." ಬಿಗಿ ಬಿಡುತ್ತದೆ ಎಂಬುದನ್ನಷ್ಟೇ ಅಣ್ಣ ಕಿವಿಗೆ ಹಾಕಿಕೊಂಡ.

ಬಿಗಿ ಬಿಟ್ಟಿತು. ತಲೆನೋವು ಇಳಿಯಿತು, ನಿದ್ದೆ ಹತ್ತಿತು. ಅವರು ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದರೆ ಮುಖ ಹೆಗಲಿನವರೆಗೂ ಹೋಗುತ್ತಿತ್ತು. ಅಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುದಿನ ಬೆಳಿಗ್ಗೆಯೇ ಅಂಗಡಿಯ ಶಟರನ್ನು ಅರ್ಧ ಎತ್ತಿ, ತಮ್ಮನನ್ನು ಒಳಗೆ ಕರೆದುಕೊಂಡು ಹೋಗಿ, ಕೈಗೆ ಕತ್ತರಿ ಕೊಟ್ಟ. ತಾನು ಎರಡನೇ ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಸುತ್ತಿಕೊಂಡ.

"ಮಾಡೋ. ಕೂದಲು ಕಾಡಾಗಿದೆ."

"ಹೇಗೆ ಮಾಡ್ಲಿ, ಸಣ್ಣಗೆ ಮಾಡ್ಲಾ?"

"ನಿನ್ನಿಷ್ಟ. ಈ ಮುಖಕ್ಕೆ ಹೇಗೆ ಮಾಡಿದ್ರೂ ಅಷ್ಟೇ."

ತಮ್ಮ ನಕ್ಕ. ಕತ್ತರಿ ಚಕಚಕ ಅಂದಿತು. ಬಾಚಣಿಗೆ ಎತ್ತಿ ಕೊಟ್ಟಷ್ಟನ್ನೇ ಕತ್ತರಿ ತೆಗೆಯುತ್ತಿತ್ತು, ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿವಿಯ ಹಿಂದಕ್ಕೆ ಬಂದಾಗ ಉಸಿರು ಹಿಡಿಯುವ ಹಳೆಯ ಅಭ್ಯಾಸವೂ ಹಾಗೇ ಇತ್ತು. ಅಣ್ಣ ಕಣ್ಣು ಮುಚ್ಚಿದ. ಇಷ್ಟು ಸುಖ ಪಟ್ಟು ಎಷ್ಟು ಕಾಲವಾಗಿತ್ತೋ. ಅಳು ಬಂದರೆ ಮುಖಕ್ಕೆ ಕೂದಲು ಅಂಟುತ್ತದೆಂದು ತಡೆದುಕೊಂಡ.

ಕತ್ತರಿ ನಿಂತಿತು. ತಮ್ಮ ಬ್ರಷ್ಷು ತೆಗೆದು ಹೆಗಲು ಕೊಡವಿದ. "ನೋಡಣ್ಣ, ಸರಿ ಇದೆಯಾ?"

ಕನ್ನಡಿಯಲ್ಲಿ ಅಣ್ಣನ ತಲೆಯ ಬಲಭಾಗ ಮದುವೆ ಗಂಡಿನ ತಲೆಯ ಹಾಗೆ ಅಚ್ಚುಕಟ್ಟಾಗಿತ್ತು. ನಡುನೆತ್ತಿಯಿಂದ ಆಚೆಗೆ ಒಂದು ಕೂದಲನ್ನೂ ಮುಟ್ಟಿರಲಿಲ್ಲ.

"ಈ ಕಡೆ ಕಣೋ." ಅಣ್ಣ ತನ್ನ ಎಡಗಿವಿ ಹಿಡಿದು ತೋರಿಸಿದ.

"ಯಾವ ಕಡೆ?" ತಮ್ಮನ ಕುತ್ತಿಗೆ ಒಂಚೂರೂ ನೋವಿಲ್ಲದೆ, ಸಲೀಸಾಗಿ ತಿರುಗಿತು, ಬಲಕ್ಕೆ. ಅಲ್ಲಿ ಹುಡುಕಿ ನೋಡಿ, "ಎಲ್ಲಾ ಆಯ್ತಲ್ಲಣ್ಣ," ಅಂದ.

ಅಣ್ಣ ಕಿವಿಯಿಂದ ಕೈ ಇಳಿಸಿದ. "ಹೂಂ," ಅಂದ. "ಚೆನ್ನಾಗಿದೆ."

ತಮ್ಮ ಅವನ ಕೊರಳಿನ ಬಟ್ಟೆ ಬಿಚ್ಚಿ ಝಾಡಿಸಿದ. ಶಟರಿನ ಕೆಳಗೆ ಯಾರದೋ ಚಪ್ಪಲಿ ಕಾಲುಗಳು ಬಂದು ನಿಂತವು. "ಕುರ್ಚಿ ಖಾಲಿ ಇದೆಯಾ?" ಎಂದು ಹೊರಗಿನಿಂದ ಕೇಳಿದರು.

"ಬನ್ನಿ ಬನ್ನಿ," ಅಂದ ತಮ್ಮ ಉತ್ಸಾಹದಿಂದ. ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಅಣ್ಣ ಏಳಲೆಂದು ಕಾಯುತ್ತ ನಿಂತ. ಅಣ್ಣ ಕುರ್ಚಿಯ ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದ.