ಬಂಗಾರಿಯ ಮೂವತ್ತೊಂದು ಮನೆ

ಭಟ್ಕಳದ ಹತ್ತಿರದ ಬೆಳಕೆಯ ಬಂಗಾರಿಗೆ ಇರುವುದು ಹೆಂಚಿನ ಒಂದೇ ಮನೆ. ಆದರೆ ಮೀನು ಮಾರುವ ಹೆಂಗಸರನ್ನು ಕೇಳಿದರೆ, ಅವಳಿಗೆ ಮೂವತ್ತೊಂದು ಮನೆ ಎನ್ನುತ್ತಾರೆ. ಅವಳು ಮೀನು ಕೊಡುವ ಮನೆಗಳು ಅವು. ಅವಳ ಗಂಡನ ತಾಯಿ ಹೊತ್ತು ತಿರುಗಿದ ಮನೆಗಳು. ಮುದುಕಿಗೆ ಕೈಲಾಗದ ವರ್ಷ ಸೊಸೆಯನ್ನು ಕರೆದುಕೊಂಡು ಹೋಗಿ, ಒಂದೊಂದು ಬಾಗಿಲಲ್ಲೂ ನಿಲ್ಲಿಸಿ, "ಇನ್ನು ಮೇಲೆ ಇವಳು ಬತ್ತಾಳೆ" ಎಂದಿದ್ದಳು. ಹಾಗೆ ಅಂದ ಮೇಲೆ ಮುಗಿಯಿತು. ಬೇರೆ ಯಾರೂ ಆ ಅಂಗಳದಲ್ಲಿ ಬುಟ್ಟಿ ಇಳಿಸುವುದಿಲ್ಲ. ಬಿಟ್ಟುಕೊಟ್ಟವಳೂ ತಿರುಗಿ ಹೋಗುವುದಿಲ್ಲ. ಕಾಗದ ಪತ್ರ ಇಲ್ಲದ ಕರಾರು. ಆದರೆ ಕಾಗದಕ್ಕಿಂತ ಗಟ್ಟಿ.

ಆ ಮಾತನ್ನು ಈಗ ಬಂಗಾರಿಯೂ ಆಡಬೇಕಾದ ಕಾಲ ಬಂದಿತ್ತು. ಅವಳಿಗೆ ಐವತ್ತೆರಡು ವರ್ಷ. ಒಂದೂವರೆ ವರ್ಷದ ಹಿಂದೆ, ದೀಪಾವಳಿ ಎದುರಿನ ಮಳೆಯಲ್ಲಿ, ತುಂಬಿದ ಬುಟ್ಟಿ ಹೊತ್ತು ಗುಡ್ಡದ ಕೇರಿಯ ಮೆಟ್ಟಿಲು ಹತ್ತುವಾಗ ಪಾಚಿಯ ಮೇಲೆ ಕಾಲು ಜಾರಿತು. ಬಂಗಡೆ ಮೀನೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು, ಅವಳ ಕುತ್ತಿಗೆ ಒಮ್ಮೆ ಲಟಕ್ ಎಂದಿತು. ಅಲ್ಲಿಂದ ನೋವು. ಕುತ್ತಿಗೆಗೆ ಪಟ್ಟಿ ಕಟ್ಟಿದರು, ಎಣ್ಣೆ ತಿಕ್ಕಿದರು, ಮಾತ್ರೆ ನುಂಗಿಸಿದರು. ಗಂಡ ಈರ ಬೋಟಿನ ಕೆಲಸದವನು; ಇಡಗುಂಜಿ ಗಣಪತಿಗೆ ಹರಕೆ ಹೇಳಿ ತೀರಿಸಿಯೂ ಬಂದ. ನೋವು ಮಾತ್ರ ಕೂತಲ್ಲಿಂದ ಏಳಲಿಲ್ಲ.

ಅಷ್ಟು ದಿನವೂ ಮನೆಗಳನ್ನು ನೋಡಿಕೊಂಡವಳು ಅವಳ ಅಣ್ಣನ ಮಗಳು ಸೌಜನ್ಯಾ. ಸ್ಕೂಟಿಯ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವ ಹುಡುಗಿ. ಮೇ ತಿಂಗಳಲ್ಲಿ ಒಂದು ದಿನ ಬಂದು ಜಗಲಿಯಲ್ಲಿ ಕೂತು ಅವಳು ನೇರ ಹೇಳಿದಳು:

"ಅತ್ತೆ, ಬಾಯ್ಬಿಟ್ಟು ಹೇಳ್ತೆ, ಬೇಜಾರ ಮಾಡ್ಕಬೇಡ. ಜೂನಿಂದ ಮಳೆಗೆ ಎರಡು ತಿಂಗಳು ಬೋಟ್ ಬಂದ್. ಆಗಸ್ಟಿಗೆ ಬೋಟ್ ಇಳಿಯೂದ್ರೊಳಗೆ ನೀ ಬತ್ತೆ ಅಂದ್ರೆ ನಾ ಬಂದರದಲ್ಲೇ ಕೂತು ಮಾರ್ತೆ. ಆಗೂದಿಲ್ಲ ಅಂದ್ರೆ ಬಾಗಿಲು ಬಾಗಿಲಿಗೆ ಬಂದು ಹೇಳಿ ಬಿಟ್ಟುಕೊಡು. ಜನ ಈಗ್ಲೂ 'ಬಂಗಾರಿ ಯಾವಾಗ ಬತ್ತಾಳೆ' ಅಂತ್ರು. ನಾ ಎಷ್ಟು ದಿನ ಬದಲಿಯವಳು?"

ನ್ಯಾಯದ ಮಾತೇ. ಬಂಗಾರಿ, "ಆತು, ಹೇಳ್ತೆ" ಎಂದಳು.

ಅಷ್ಟರಲ್ಲಿ ಅವಳು ಕುಮಟೆಯ ಒಬ್ಬ ಡಾಕ್ಟರರನ್ನು ಕಂಡು ಬಂದಾಗಿತ್ತು. ಅವರು ಕುತ್ತಿಗೆಯ ಎಕ್ಸ್-ರೇ ತೆಗೆಸಿ, ಕೈಕಾಲಿನ ಬಲ ಪರೀಕ್ಷಿಸಿ, "ಮೂಳೆಗೆ ಏನೂ ಆಗಿಲ್ಲ. ಪೆಟ್ಟು ಮಾಗಿ ವರ್ಷವಾಯಿತು. ಪಟ್ಟಿ ಬಿಚ್ಚಿಡಿ" ಎಂದು, ಹೊನ್ನಾವರದಲ್ಲಿ ವ್ಯಾಯಾಮ ಹೇಳಿಕೊಡುವ ಪ್ರಣಿತಾ ಎಂಬವಳ ಹತ್ತಿರ ಕಳಿಸಿದ್ದರು. ಪ್ರಣಿತಾ ವಯಸ್ಸಿನಲ್ಲಿ ಸೌಜನ್ಯಾಳಷ್ಟೇ ಇದ್ದಳು. ಆದರೂ ಬಂಗಾರಿ ಅವಳನ್ನು ಶಾಲೆಯ ಟೀಚರನ್ನು ಕರೆದ ಹಾಗೆ ಅಕ್ಕೋರೆ ಎಂದೇ ಕರೆಯುತ್ತಿದ್ದಳು.

ಅಕ್ಕೋರು ಕೊಟ್ಟ ಪಾಠ ಮಾತ್ರ ಬಂಗಾರಿಗೆ ಪಾಠ ಅನ್ನಿಸಲಿಲ್ಲ. ಕಣ್ಣು ಮುಚ್ಚಿ ಕೂತು ಉಸಿರು ಎಣಿಸಬೇಕು. ನೋವು ಎಲ್ಲಿದೆ, ಹೇಗಿದೆ ಎಂದು ಹೆದರದೆ ನೋಡಬೇಕು. ಮನೆಯಲ್ಲಿ ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ನಡೆಯಬೇಕು. ಇದೇ ಮದ್ದು! ಬಸ್ಸಿಗೆ ಕೊಟ್ಟ ದುಡ್ಡು ದಂಡ ಎಂದುಕೊಂಡಳು ಬಂಗಾರಿ. ನಾಲ್ಕು ಸಲ ಹೋಗಿ ಬಂದರೂ ಒಂದು ದಿನವೂ ಖಾಲಿ ಬುಟ್ಟಿ ಎತ್ತಲಿಲ್ಲ. ಎತ್ತಿದರೆ ನೆರೆಯವರು ಏನಂದಾರು?

ಬೋಟು ನಿಲ್ಲಲು ವಾರವಿದ್ದಾಗ ಅವಳು ತನ್ನದೇ ದಾರಿ ಹಿಡಿದಳು. ಮೊದಲಿನ ಹಾಗೆ ಸೀರೆ ಎತ್ತಿ ಕಟ್ಟಿ, ಟೆಂಪೊ ಹತ್ತಿ ಭಟ್ಕಳದ ಬಂದರಕ್ಕೆ ಹೋಗಿ, ಕಾಲು ಬುಟ್ಟಿ ಬಂಗಡೆ ತೆಗೆದುಕೊಂಡಳು. ಹೊರಲು ಆದರೆ ಆಯಿತು, ಇಲ್ಲದಿದ್ದರೆ ಮನೆ ಬಿಟ್ಟುಕೊಟ್ಟೆ ಎಂಬ ಹಟ.

ಮೀನಿನ ಬುಟ್ಟಿಯನ್ನು ತಾನೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ. ಇನ್ನೊಬ್ಬಳು ಎತ್ತಿ ಇಡಬೇಕು. ಮಾತು ಬಿಟ್ಟವಳಾದರೂ ಕರೆದರೆ ಬಂದು ಎತ್ತಬೇಕು ಎನ್ನುವುದು ಬಂದರದ ರೀತಿ. ಹೊರುವವಳು ತಲೆಯ ಮೇಲಿನ ಬಟ್ಟೆಯ ಸಿಂಬೆ ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ, ಎದುರಿಗೆ ಸಮುದ್ರವನ್ನೇ ನೋಡುತ್ತಾ ನಿಲ್ಲಬೇಕು. ಬುಟ್ಟಿಯ ಕಡೆ ನೋಡಬಾರದು. ನೋಡಿದರೆ ಕತ್ತು ವಾಲಿ ಭಾರ ಒಂದು ಬದಿಗೆ ಬೀಳುತ್ತದೆ. ಬಂಗಾರಿ ಹಾಗೇ ನಿಂತು, ಮೂವತ್ತು ವರ್ಷದ ಜೊತೆಗಾತಿ ಲಕ್ಕಿಯನ್ನು ಕರೆದಳು. "ಎತ್ತೇ ಲಕ್ಕಿ."

ಲಕ್ಕಿ ಎತ್ತಿದಳು. ಬುಟ್ಟಿ ಸಿಂಬೆಗೆ ತಾಗಿದ್ದೇ ತಡ, ಕುತ್ತಿಗೆಯಿಂದ ಬೆನ್ನಿಗೆ ಕಾದ ಸಲಾಕೆ ಇಳಿದಂತಾಯಿತು. "ಅಯ್ಯಯ್ಯೋ, ಇಳ್ಸೇ, ಸತ್ತೆ!" ಎಂದು ಕೂಗಿ ಬಂಗಾರಿ ಅಲ್ಲೇ ಕುಕ್ಕರಿಸಿದಳು.

ಬುಟ್ಟಿ ಉರುಳಿತು. ನೀಲಿ ಪ್ಲಾಸ್ಟಿಕ್ ಹಾಳೆ ಜಾರಿತು. ಒಳಗೆ ಒದ್ದೆ ಗೋಣಿಚೀಲ, ನಾಲ್ಕು ಚೂರು ಐಸು. ಬಂಗಡೆಯ ಬುಟ್ಟಿ ಪಕ್ಕದಲ್ಲೇ ಇತ್ತು, ಅದಕ್ಕೂ ಅಂಥದೇ ನೀಲಿ ಹಾಳೆ. ಅವಸರದಲ್ಲಿ ಲಕ್ಕಿ ಎತ್ತಿದ್ದು ತನ್ನದೇ ಖಾಲಿ ಬುಟ್ಟಿ.

ಹಿಂದಿನಿಂದ ಯಾರೋ, "ಐಸಿನ ಭಾರವನೇ ಬಂಗಾರಿ?" ಎಂದರು. ನಗು ಎದ್ದಿತು. ಲಕ್ಕಿ, "ಬಾಯ್ಮುಚ್ರೆ" ಎಂದು ಗದರಿದಳು. ಆದರೆ ಅವಳ ತುಟಿಯೂ ಅದುರುತ್ತಿದ್ದುದನ್ನು ಬಂಗಾರಿ ಕಂಡಳು.

ಮಾರನೆಯ ದಿನವೇ ಅವಳು ಹೊನ್ನಾವರದ ಬಸ್ಸು ಹತ್ತಿದಳು. ವ್ಯಾಯಾಮಕ್ಕಲ್ಲ, ಜಗಳಕ್ಕೆ.

"ಹೌದೆ ಅಕ್ಕೋರೆ, ನೀವೂ ಆ ಡಾಕ್ಟ್ರೂ ಹೇಳಿದ್ದು ಇದೇ ಅಲ್ದ? ನಂಗೆ ಎಂತದೂ ಇಲ್ಲ, ಎಲ್ಲ ನಾಟಕ. ಊರಿಗೇ ಗೊತ್ತಾತು. ಈಗ ಖುಷಿಯ?"

ಪ್ರಣಿತಾ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಕುಡಿಯಲು ನೀರು ಕೊಟ್ಟಳು. "ನೋವು ಬಂದದ್ದು ಹೌದ?" ಎಂದು ಕೇಳಿದಳು.

"ದೇವರಾಣೆ ಬಂತು."

"ನಾನು ನಂಬ್ತೇನೆ. ನೋವು ಸುಳ್ಳಲ್ಲ ಬಂಗಾರಕ್ಕ. ಬುಟ್ಟಿ ಖಾಲಿ ಇದ್ದದ್ದೂ ಸುಳ್ಳಲ್ಲ. ಎರಡೂ ನಿಜ. ಗಾಳಿ ಬರ್ತದೆ ಅಂತ ಬಂದರದಲ್ಲಿ ಅಪಾಯದ ಬಾವುಟ ಏರಿಸ್ತಾರಲ್ಲ, ಗಾಳಿ ನಿಂತ ಮೇಲೂ ಅದನ್ನು ಇಳಿಸದೇ ಬಿಟ್ರೆ?"

"ಬೋಟ್ ಹೋಗೂದಿಲ್ಲ."

"ಅಷ್ಟೇ ಆಗಿದ್ದು. ಪೆಟ್ಟು ಮಾಗಿದೆ. ನಿಮ್ಮ ನರ ಬಾವುಟ ಇಳಿಸಲಿಕ್ಕೆ ಹೆದರ್ತಿದೆ."

"ಇಳಿಸೂದು ಯಾರು ಮತ್ತೆ? ನಾನ, ಬಂದರದ ಆಫೀಸಿನವನ?" ಎಂದು ಬಂಗಾರಿ ಸಿಡುಕಿದಳು. ಪ್ರಣಿತಾಳಿಗೆ ನಗು ತಡೆಯಲಾಗಲಿಲ್ಲ. "ನೀವೇ. ಆದ್ರೆ ಒಂದೇ ದಿನಕ್ಕೆ ಅಲ್ಲ. ಹೆದರಿದವರನ್ನು ದೂಡಬಾರದು, ಕೈ ಹಿಡಿದು ನಡೆಸಬೇಕು" ಎಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಬಂಗಾರಿಯ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಈ ಹುಡುಗಿ ಹೇಳುವುದು ನಿಜವಾದರೆ ತಾನು ಒಂದೂವರೆ ವರ್ಷ ಸುಮ್ಮನೆ ಮಲಗಿದ ಹಾಗಾಯಿತು. ಸುಳ್ಳಾದರೆ ನೋವು ಇನ್ನು ಹೋಗುವುದಿಲ್ಲ. ಯಾವುದನ್ನು ನಂಬಿದರೆ ಕಡಿಮೆ ನಷ್ಟ ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ, ಬೋಟು ನಿಂತು ಊರೆಲ್ಲ ಮಳೆಯಲ್ಲಿ ಒಳಗೆ ಕೂತ ಮೇಲೆ, ನೋಡುವವರಿಲ್ಲ ಎಂಬ ಒಂದೇ ಧೈರ್ಯಕ್ಕೆ ಬುಟ್ಟಿ ತೆಗೆದಳು. ಎತ್ತಿ ಇಡುವವನು ಈರ.

"ಹೆಂಗಸರ ಕೆಲಸ ನನ್ ಹತ್ರ ಮಾಡಿಸ್ತೆಯಲ್ಲೆ."

"ಹರಕೆ ಹೊತ್ತಿದ್ಯಲ್ಲ, ಇದೂ ಒಂದು ಹರಕೆ ಅಂತ ತಿಳ್ಕ. ಎತ್ತು."

ಖಾಲಿ ಬುಟ್ಟಿ ಹೊತ್ತು ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ನಾಲ್ಕು ದಿನ ಕಳೆದ ಮೇಲೆ ಒಂದು ತೆಂಗಿನಕಾಯಿ, ಮತ್ತೆ ನಾಲ್ಕು ದಿನಕ್ಕೆ ಎರಡು. ಉಳಿದದ್ದೆಲ್ಲ ನಡೆಯಿತು, ಉಸಿರು ಎಣಿಸುವುದು ಮಾತ್ರ ಒಗ್ಗಲಿಲ್ಲ. ಎಣಿಕೆ ಎಂದರೆ ಅವಳಿಗೆ ಬಂಗಡೆಯ ಎಣಿಕೆ. ಇಪ್ಪತ್ತಾದರೆ ಸಾಕು, ಮನಸ್ಸು ವ್ಯಾಪಾರಕ್ಕೆ ಓಡುತ್ತಿತ್ತು.

ಜೂನ್ ಮುಗಿಯುತ್ತ ಬಂದಾಗ ಮೂರು ಕಾಯಿ ಹೊತ್ತ ದಿನವೇ ಕುತ್ತಿಗೆ ಹಿಡಿದುಕೊಂಡಿತು. ಮೂಲೆಯಲ್ಲಿದ್ದ ಪಟ್ಟಿ ಮತ್ತೆ ಕೊರಳಿಗೆ ಬಂತು. "ಸಾಕು ಮಾರಾಯ್ತಿ, ಆ ಹುಡುಗಿಗೆ ಮನೆ ಬಿಟ್ಟುಕೊಡು" ಎಂದ ಈರ. ಬಂಗಾರಿ ಪ್ರಣಿತಾಳಿಗೆ ಫೋನು ಮಾಡಿ, ಮುಗಿಯಿತು ಎಂದು ಹೇಳಿದಳು.

"ಮೂರು ಕಾಯಿ ಹೊತ್ತಾಗ ನೋವು ಬಂತ?"

"ಇಲ್ಲ. ಸಂಜೆ ಮೇಲೆ."

"ಸಂಜೆ ಎಂತ ಆಯ್ತು?"

"ಎಂತ ಆಗ್ಲಿಲ್ಲ. ಸೌಜನ್ಯಾ ಬಂದಿದ್ಲು. ಎಂತ ತೀರ್ಮಾನ ಮಾಡ್ದೆ ಅತ್ತೆ ಅಂತ ಕೇಳ್ದ್ಲು." ಹೇಳಿದ ಮೇಲೆ ಬಂಗಾರಿಯ ಕೈ ತಾನಾಗಿ ಕೊರಳ ಪಟ್ಟಿಗೆ ಹೋಯಿತು. ಫೋನಿನಲ್ಲಿ ಎರಡೂ ಊರಿನ ಮಳೆಯ ಸದ್ದು ಕೇಳುತ್ತಿತ್ತು.

ಮಳೆಗಾಲದ ಶನಿವಾರ ಸಂಜೆ ಊರಿನ ಮಂದಿರದಲ್ಲಿ ಪುರಾಣ ಓದುವುದುಂಟು. ಒಬ್ಬರು ಪದ್ಯವನ್ನು ರಾಗ ಎಳೆದು ಓದಿದರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಬಂಗಾರಿ ಅಕ್ಷರ ಕಲಿತವಳಲ್ಲ. ಆದರೆ ಅಪ್ಪನ ಮಡಿಲಲ್ಲಿ ಕೂತು ಕೇಳಿದ ಪದ್ಯಗಳು ಅವಳ ಕಿವಿಯಲ್ಲಿ ಇನ್ನೂ ಇದ್ದವು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ದೇವರ ಎದುರು ಹೋಗಲು ನಾಚಿಕೆಯಾಗಿ, ಆ ವಾರ ಅದನ್ನು ಬಿಚ್ಚಿಟ್ಟು, ಕತ್ತನ್ನು ಕಲ್ಲಿನ ಹಾಗೆ ಹಿಡಿದುಕೊಂಡು ಹೋಗಿ ಕಂಬಕ್ಕೆ ಒರಗಿ ಕೂತಳು.

ಕಥೆ ವನವಾಸದ್ದು. ಪದ್ಯ ಏರಿತು, ನಿಂತಿತು, ಇಳಿಯಿತು. ಎಷ್ಟು ಹೊತ್ತಾಯಿತೋ, ಲಕ್ಕಿ ಮೊಣಕೈಯಿಂದ ತಿವಿದಳು.

"ಏ ಬಂಗಾರಿ, ಕುತ್ತಿಗೆ ನೋವು ಅಂದಿದ್ಯಲ್ಲ?"

"ಹೌದು, ಎಂತಕೆ?"

"ಆಗಿಂದ ಕಾಣ್ತಿದ್ದೆ. ನೀ ಕೋಲೆ ಬಸವನ ಹಾಂಗೆ ತಲೆ ತೂಗ್ತಿದ್ದೆ."

ಬಂಗಾರಿಯ ತಲೆ ಥಟ್ಟನೆ ನಿಂತಿತು. ನಿಂತ ಕೂಡಲೇ ನೋವು ಬಂತು. ಲಕ್ಕಿಯನ್ನು ಬಯ್ಯಲು ಬಾಯಿ ತೆರೆದವಳು ಬಯ್ಯಲಿಲ್ಲ. ಮತ್ತೆ ಪದ್ಯದ ಕಡೆ ಕಿವಿ ಕೊಟ್ಟಳು. ಓದುವವರು ಒಂದು ಸಾಲು ಹಿಡಿದರೆ ಉಸಿರು ಎಳೆಯುವುದು, ಆ ಸಾಲು ಮುಗಿಯುವವರೆಗೆ ಬಿಡುವುದು. ಎಣಿಸುವ ಗೋಜಿಲ್ಲ. ನಾಲ್ಕು ಪದ್ಯ ಕಳೆಯುವಷ್ಟರಲ್ಲಿ ನೋವು ಹೋಗಿರಲಿಲ್ಲ, ಆದರೆ ಅರ್ಧಕ್ಕೆ ಇಳಿದು ಬದಿಯಲ್ಲಿ ಕೂತಿತ್ತು, ತಡವಾಗಿ ಬಂದು ಹಿಂದೆ ಜಾಗ ಹಿಡಿದವರ ಹಾಗೆ.

ಆ ದಿನ ಅವಳಿಗೆ ಪೂರ್ತಿ ನಂಬಿಕೆ ಬಂತು ಎಂದರೆ ಸುಳ್ಳಾದೀತು. ಬಿದ್ದದ್ದು ನಿಜ, ನೊಂದದ್ದು ನಿಜ, ಆಮೇಲೆ ಹೆದರಿದ್ದೂ ನಿಜ. ಹೆದರಿಕೆಯೂ ಒಂದು ಕಾಯಿಲೆಯೇ, ಅದಕ್ಕೆ ಮಲಗಿದವಳು ಕಳ್ಳಿಯಲ್ಲ. ಇಷ್ಟು ಅವಳಿಗೆ ತೂಗಿ ನೋಡಿ ಸರಿಯೆನಿಸಿತು. ಪಟ್ಟಿಯನ್ನು ಒಗೆದು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಜುಲೈ ಪೂರ್ತಿ ಅವಳು ಬಾಯಲ್ಲಿ ಪದ್ಯ ಗುನುಗುತ್ತಾ ಅಂಗಳ ಸುತ್ತಿದಳು. ಐದು ಕಾಯಿ, ಎಂಟು ಕಾಯಿ. ನೋವು ಬಂದ ದಿನ ಒಂದು ಕಾಯಿ ಕಡಿಮೆ, ಆದರೆ ಬುಟ್ಟಿ ಇಡದ ದಿನ ಇಲ್ಲ. ಒಂದು ವಿಷಯ ಅವಳ ಗಮನಕ್ಕೆ ಬಂತು: ಈರ ಬುಟ್ಟಿಗೆ ಕೈ ಹಾಕುವ ಮೊದಲೇ ಅವಳ ಭುಜ ಕಿವಿಯ ತನಕ ಏರಿರುತ್ತಿತ್ತು, ಹಲ್ಲು ಕಚ್ಚಿರುತ್ತಿತ್ತು. ಅದನ್ನು ಇಳಿಸಿಕೊಂಡು, ಆಮೇಲೆ "ಎತ್ತು" ಎನ್ನುವುದನ್ನು ಕಲಿತಳು. ಹನ್ನೆರಡು ಕಾಯಿಗೆ ಬಂದ ದಿನ ಈರ, "ಇನ್ನು ತ್ವಾಟದವರು ಬಂದು ಕಾಯಿ ಹೊರೂಕೆ ಬತ್ಯ ಅಂತ ಕೇಳೂದೊಂದು ಬಾಕಿ" ಎಂದ.

ಆಗಸ್ಟ್ ಮೊದಲ ವಾರ ಬೋಟುಗಳು ಮೀನು ತಂದವು. ಬಂಗಾರಿ ಅರ್ಧ ಬುಟ್ಟಿ ಬಂಗಡೆ ತೆಗೆದುಕೊಂಡಳು. ಲಕ್ಕಿ ಈ ಸಲ ಹಾಳೆ ಸರಿಸಿ ಎರಡೆರಡು ಸಲ ನೋಡಿಯೇ ಎತ್ತಿದಳು. ಟೆಂಪೊ ಇಳಿದಲ್ಲಿ ಸೌಜನ್ಯಾ ಕಾದಿದ್ದಳು; ಬುಟ್ಟಿ ಮತ್ತೆ ಎತ್ತಿಕೊಟ್ಟು, ಮೆಟ್ಟಿಲ ಬುಡದ ತನಕ ಸ್ಕೂಟಿಯಲ್ಲಿ ನಿಧಾನಕ್ಕೆ ಹಿಂದೆಯೇ ಬಂದಳು. ಮೇಲೆ ಗುಡ್ಡದ ಕೇರಿಯಲ್ಲಿ ಹನ್ನೊಂದು ಮನೆ. ಸ್ಕೂಟಿ ಹೋಗುವುದಿಲ್ಲ.

"ನಾನೂ ಬರ್ಲ ಅತ್ತೆ?"

"ಬೇಡ. ಇಲ್ಲೇ ಇರು."

ಬಿದ್ದ ಜಾಗಕ್ಕೆ ಎರಡು ಮೆಟ್ಟಿಲು ಇರುವಾಗಲೇ ಕುತ್ತಿಗೆ ಬಿಗಿಯಿತು. ಬಂಗಾರಿ ನಿಂತಳು. ಭುಜ ಇಳಿಸಿದಳು. ಪದ್ಯದ ಒಂದು ಸಾಲಿಗೆ ಉಸಿರು ಎಳೆದಳು, ಬಿಟ್ಟಳು. ಇನ್ನೊಂದು ಸಾಲು. ಬಿಗಿತ ಪೂರಾ ಸಡಿಲಲಿಲ್ಲ. ಸಡಿಲಲಿ ಎಂದು ಅವಳು ಕಾಯಲೂ ಇಲ್ಲ, ಕಾಲು ಒತ್ತಿ ಹಿಡಿದು ಹತ್ತಿದಳು. ಮೊದಲ ಮನೆಯ ಶ್ರೀಮತಿಯಮ್ಮ ಅವಳನ್ನು ಕಂಡು ಒಳಗಿನಿಂದ ಪಾತ್ರೆ ತರುವುದನ್ನೂ ಮರೆತು ನಿಂತರು. "ನೀನೇ ಬಂದ್ಯನೆ! ಇನ್ನು ನೀನೇ ಬತ್ಯ?" ಎಂದು ಕೇಳಿದರು. ಬಂಗಾರಿ ಬುಟ್ಟಿ ಇಳಿಸಿ ಮೀನು ಕೊಟ್ಟಳು. "ಬತ್ತೆ. ಬುಟ್ಟಿ ಎತ್ತಿ ಕೊಡಿ" ಎಂದಳು.

ಹನ್ನೊಂದು ಮನೆ ಮುಗಿಸಿ ಇಳಿದು ಬರುವಾಗ ಬೆವರು ಸುರಿಯುತ್ತಿತ್ತು. ಸೌಜನ್ಯಾ ಸ್ಕೂಟಿಗೆ ಒರಗಿ ನಿಂತಿದ್ದಳು.

"ನೋವು ಬಂತ?"

"ಬಂತು."

"ಮತ್ತೆ?"

"ಮತ್ತೆಂತ? ಅದೂ ಬಂತು, ನಾನೂ ಹೋದೆ." ಬಂಗಾರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೇಳು ಮಗಾ. ಮೇಲಿನ ಹನ್ನೊಂದು ನಂದು. ರಸ್ತೆ ಬದಿಯ ಇಪ್ಪತ್ತು ಇನ್ನು ನಿಂದು, ಬದಲಿ ಅಲ್ಲ, ನಿಂದೇ. ನಾಳೆ ಬಾಗಿಲು ಬಾಗಿಲಿಗೆ ಬಂದು ಹೇಳ್ತೆ."

ಸೌಜನ್ಯಾಳ ಕಣ್ಣು ತುಂಬಿಕೊಂಡಿತು. ಆಮೇಲೆ, "ಚೌಕಾಶಿ ಮಾಡೂವ್ರೆಲ್ಲ ಮೇಲೇ ಇದ್ದದ್ದು. ತಕ, ನೀನೇ ತಕ" ಎಂದಳು.

ಇಬ್ಬರೂ ಸ್ಕೂಟಿ ಹತ್ತಿದರು. ಹೆದ್ದಾರಿಗೆ ಸೇರುವ ತಿರುವಿನಲ್ಲಿ ಸೌಜನ್ಯಾ ಬ್ರೇಕು ಹಿಡಿದು, "ಅತ್ತೆ, ಬಲಕ್ಕೆ ಗಾಡಿ ಉಂಟ ಕಾಣು" ಎಂದಳು. ಬಂಗಾರಿ ಪೂರ್ತಿ ತಿರುಗಿ ನೋಡಿದಳು. ಕುತ್ತಿಗೆ ಒಮ್ಮೆ ಚುರುಕ್ ಎಂದಿತು.

"ಒಂದು ಲಾರಿ ಉಂಟು. ಅದು ಹೋಗ್ಲಿ" ಎಂದಳು.