ಮುನ್ನೀ ಬೀಯ ಕೈ, ಇಂಗ್ರಿಡ್‌ಳ ಮುಖ

ಎಲ್ಲಿಂದ ಶುರು ಮಾಡಲಿ? ‘ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಬಿಳಿ ಹುಡುಗಿ ಇಳಿದಳು, ಎತ್ತುಗಳು ಬೆದರಿದವು’ ಎಂದು ಬರೆದು ಹೊಡೆದುಹಾಕಿದ್ದೇನೆ. ಎತ್ತುಗಳು ಬೆದರಲಿಲ್ಲ. (ಸಿನಿಮಾದ ಎತ್ತುಗಳಷ್ಟೇ ಬೆದರುತ್ತವೆ.)

೧

೧೯೮೪. ಡೆನ್ಮಾರ್ಕಿನ ಇಂಗ್ರಿಡ್ ಸ್ಟೂಡೆಂಟ್ ಎಕ್ಸ್‌ಚೇಂಜ್ ಅಂತ ಬಂದು, ಬಟ್ಟೆ ಅಂಗಡಿ ಅಮೀರ್ ಸಾಬನ ಮನೆಯಲ್ಲಿ ಆರು ತಿಂಗಳಿಂದ ಇದ್ದಾಳೆ. ಬದಲಿಗೆ ಅವನ ಮಗಳು ಜಾಹೆದಾ ಒಂದು ವರ್ಷ ಡೆನ್ಮಾರ್ಕಿಗೆ ಹೋಗಬೇಕು. ಇಂಗ್ರಿಡ್‌ಳಂತೆಯೇ ಹದಿನೇಳರ ಜಾಹೆದಾ ಅಟ್ಲಾಸಿನ ಡೆನ್ಮಾರ್ಕ್ ಪುಟವನ್ನು ಕಿತ್ತು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಫಾರಮ್ಮಿಗೆ ಅಪ್ಪನ ಸಹಿ ಬೇಕು. ಅಪ್ಪ ಹೇಳುವುದು ಒಂದೇ: “ನಿಮ್ಮ ದಾದಿ ಹೂಂ ಅನ್ಲಿ.”

ದಾದಿ, ಅಂದರೆ ಅಪ್ಪನ ತಾಯಿ ಮುನ್ನೀ ಬೀ, ಟೂರಿಂಗ್ ಟಾಕೀಸಿನಲ್ಲಿ ಒಂದು ಸಿನಿಮಾ ನೋಡಿದ್ದಾಳೆ. ಅದರಲ್ಲಿ ಫಾರಿನ್ನಿಗೆ ಓದಲು ಹೋದ ಹುಡುಗಿ ಬಾಯಲ್ಲಿ ಸಿಗರೇಟಿಟ್ಟುಕೊಂಡೇ ವಿಮಾನ ಇಳಿಯುತ್ತಾಳೆ.

“ನಮ್ಮ ಮನಿ ಹುಡುಗಿ ಹಂಗ ಇಳಿಯೋದು ಬ್ಯಾಡ.”

(ಮನೆಯಲ್ಲಿ ಅವರಾಡುವುದು ದಖನಿ ಉರ್ದು. ಕನ್ನಡ ಮಾಡಿದ್ದು ನಾನು. ಮುನ್ನೀ ಬೀ ಕ್ಷಮಿಸಲಿ.)

೨ (ಕೈಬಿಟ್ಟ ಡ್ರಾಫ್ಟ್)

ಜಾಹೆದಾ ತಾನೇ ಅಪ್ಪನ ಸಹಿ ಹಾಕಿ, ರಾಯಚೂರಿಗೆ ಓಡಿಹೋಗಿ...

“ನಿಲ್ರಿ ಸಾರ್. ನಾ ಯಾಕ ಓಡಿಹೋಗ್ಲಿ?” ಜಾಹೆದಾ ನನ್ನ ಪೆನ್ನು ಹಿಡಿದುಕೊಂಡಳು. “ದಾದಿ ನಕ್ಕೋಂತ ಕಳಿಸಬೇಕು. ಇಲ್ಲಾಂದ್ರ ಅಲ್ಲಿ ನನಗ ಅನ್ನ ಇಳಿತದೇನ್ರಿ?”

ಪುಟ ಹರಿದೆ. ಪಾತ್ರಗಳು ಈಗೀಗ ನನ್ನ ಮಾತೇ ಕೇಳುತ್ತಿಲ್ಲ.

ಮತ್ತೆ ೨

ರಾಯಚೂರಿನ ಒಂದು ವಾರಪತ್ರಿಕೆಗೆ ಇಂಗ್ರಿಡ್‌ಳ ಫೋಟೋ ತೆಗೆಯಲು ದೇವದುರ್ಗದ ಕನಕರಾಯ ಬಂದ. ಇಂಗ್ರಿಡ್ ಅಂಗಳದಲ್ಲಿ ಅಮೀರ್ ಸಾಬನ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದಳು.

“ಇದು ನಡ್ಯಂಗಿಲ್ರಿ. ಸೀರಿ ಉಡಸ್ರಿ, ರೊಟ್ಟಿ ಬಡಿಯಾಕ ಕುಂದ್ರಸ್ರಿ. ಫಾರಿನ್ ಹುಡುಗಿ ಅಂದ್ರ ಓದೋ ಮಂದಿಗೆ ಅದೇ ಬೇಕು.”

ಇಂಗ್ರಿಡ್ ಬಡಿದ ಜೋಳದ ರೊಟ್ಟಿ ಮೂರು ಸಲ ಹರಿಯಿತು. ಸೀರೆ ಜಾರುತ್ತಿತ್ತು, ಹೊಗೆಗೆ ಕಣ್ಣು ಕೆಂಪಾಗಿ ಹುಡುಗಿ ಅಳುವಂತಾದಳು. ಮುನ್ನೀ ಬೀಗೆ ಕರುಳು ಚುರುಕ್ಕೆಂದಿತು. ಇಂಗ್ರಿಡ್‌ಳ ಬೆನ್ನಿಗಂಟಿ ಮರೆಯಲ್ಲಿ ಕೂತು, ಅವಳ ಸೆರಗಿನ ಕೆಳಗಿನಿಂದ ತನ್ನ ಎರಡೂ ಕೈ ಚಾಚಿ, ತಟತಟ ಬಡಿದುಬಿಟ್ಟಳು. ಇಂಗ್ರಿಡ್ ನಕ್ಕಳು. ಕನಕರಾಯ ಕ್ಲಿಕ್ ಮಾಡಿದ.

ಮುಂದಿನ ವಾರ ಪತ್ರಿಕೆ ಬಂತು: ‘ಮಾನ್ವಿಯಲ್ಲಿ ರೊಟ್ಟಿ ಬಡಿದ ಡೆನ್ಮಾರ್ಕ್ ಬೆಡಗಿ!’ ಮೇಲೆ ಹದಿನೇಳರ ಮುಖ, ಕೆಳಗೆ ಎಪ್ಪತ್ತರ ಸುಕ್ಕುಗಟ್ಟಿದ ಕೈ. ಓಣಿಯೆಲ್ಲ ಹೊಗಳಿತು, ಕೈಯನ್ನು ಯಾರೂ ನೋಡಲಿಲ್ಲ.

ಮುನ್ನೀ ಬೀ ಮಾತ್ರ ಬಹಳ ಹೊತ್ತು ನೋಡಿದಳು.

“ಬೇಟಿ, ಈ ಕೈ ನಂದಲ್ಲೇನು?”

“ಹೌದು ದಾದಿ, ನಿಮ್ದೇ,” ಎಂದಳು ಜಾಹೆದಾ.

“ಹಂಗಾರ ಆ ಸಿನಿಮಾ ಹುಡುಗಿ ಬಾಯಾಗ ಸಿಗರೇಟ್ ಇಟ್ಟವರೂ ಯಾರೋ ಇದ್ದಾರ.” ಪತ್ರಿಕೆ ಮಡಚಿದಳು. “ಈ ಇಂಗ್ರಿಡ್‌ನ ಆರು ತಿಂಗಳು ಕಣ್ಣಾರೆ ನೋಡೀನಿ. ಸೇದಿದ್ದು ಕಾಣ್ಲಿಲ್ಲ. ಅಮೀರ್, ಸಹಿ ಹಾಕಪ್ಪ.”

ಬರೆಯುತ್ತಿದ್ದ ನನಗೇ ಕಣ್ಣು ತುಂಬಿತು.

೪ (ಮೂರನೆಯ ಭಾಗದ ಪುಟವನ್ನು ಜಾಹೆದಾ ಕಿತ್ತುಕೊಂಡಿದ್ದಾಳೆ)

ಮುಕ್ತಾಯ ಅ: ಜಾಹೆದಾ ಗಿಡ್ಡ ಫ್ರಾಕಿನಲ್ಲಿ ಮರಳಿ ಬಂದು, ದಾದಿಯ ಕಾಲು ಹಿಡಿದು ಅಳುತ್ತಾಳೆ.

ಮುಕ್ತಾಯ ಆ: ಬರುವುದೇ ಇಲ್ಲ.

“ಸಾರ್, ನೀವೂ ಕನಕರಾಯನಂಗ ಮಾಡಾಕತ್ತೀರಿ,” ಎಂದಳು ಜಾಹೆದಾ. “ನಾ ಇನ್ನಾ ಬಸ್ಸೇ ಹತ್ತಿಲ್ಲ.”

ನನಗೆ ನಾಚಿಕೆಯಾಯಿತು. ಎರಡನ್ನೂ ಹೊಡೆದುಹಾಕಿದೆ.

ಹಾಗಾಗಿ ಓದುಗರೇ, ಸದ್ಯಕ್ಕೆ ಇಷ್ಟೇ: ರಾಯಚೂರಿನ ಬಸ್ಸು, ಜಾಹೆದಾಳ ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ, ಒಣಗಿ ಗರಿಗರಿಯಾದ ಕಟಕ ರೊಟ್ಟಿ. ಕಿಟಕಿಯ ಹೊರಗೆ ಮುನ್ನೀ ಬೀ ನಗುತ್ತಿದ್ದಾಳೆ.

“ಅಲ್ಲಿ ಯಾರರ ಫೋಟೋ ತೆಗಿತೀನಿ ಅಂದ್ರ, ಮದ್ಲು ನಿನ್ನ ಕೈ ಕಾಣೋಹಂಗ ಕುಂದ್ರು.”

ಜಾಹೆದಾ ಎರಡೂ ಕೈ ಹೊರಗೆ ಚಾಚಿ ಬೀಸಿದಳು. ಬಸ್ಸು ಹೊರಟಿತು. ನಾನು ಹತ್ತಲಿಲ್ಲ.